ಅನುಕರಣೆ ಮತ್ತು ಪ್ರಭಾವ: ರಮೋನ್ಸ್ ಪಂಕ್ ರಾಕ್ ತಂಡದ ಒಂದು ಅಧ್ಯಯನ

ಸಾಹಿತ್ಯ ಹಾಗೂ ಇತರ ಕಲೆಗಳ ಚರಿತ್ರೆಯನ್ನು ಬರೆಯುವಾಗ ಅತಿ ಹೆಚ್ಚಾಗಿ ಬಳಕೆಯಾಗುವ, ಆದರೆ ಅಷ್ಟಾಗಿ ಪರಿಶೀಲನೆಗೆ ಒಳಗಾಗದ ಪರಿಕಲ್ಪನೆಗಳಲ್ಲಿ ‘ಪ್ರಭಾವ’ವೂ ಒಂದು. ಒಬ್ಬ ಕವಿ ಮತ್ತೊಬ್ಬ ಕವಿಯ ಮೇಲೆ, ಒಂದು ಪಂಥ ಮತ್ತೊಂದು ಪಂಥದ ಮೇಲೆ ಪ್ರಭಾವ ಬೀರಿತು ಎಂದು ಹೇಳುವಾಗ ಪ್ರಭಾವವನ್ನು ಮೇಲಿನಿಂದ ಕೆಳಕ್ಕೆ ಹರಿಯುವ ನೀರಿನಂತೆ ಭಾವಿಸಲಾಗುತ್ತದೆ. ಕೊಡುವವರು ದೊಡ್ಡವರು, ಪಡೆಯುವವರು ಚಿಕ್ಕವರು ಎಂಬ ಗ್ರಹಿಕೆ ಇದರ ಹಿಂದಿದೆ. ಜನಪ್ರಿಯ ಸಂಸ್ಕೃತಿಯ ಅಧ್ಯಯನದಲ್ಲಿ ಇದಕ್ಕೆ ಮಾರಾಟದ ಅಂಕಿಸಂಖ್ಯೆಯೂ ಸೇರಿಕೊಳ್ಳುತ್ತದೆ. ಹೆಚ್ಚು ಮಾರಾಟವಾದದ್ದೇ ಹೆಚ್ಚು ಪ್ರಭಾವಶಾಲಿ ಎಂಬ ತೀರ್ಮಾನ ಅಲ್ಲಿ ಸುಲಭವಾಗಿ ಮೂಡುತ್ತದೆ.

ಈ ಎರಡೂ ಗ್ರಹಿಕೆಗಳನ್ನು ಪ್ರಶ್ನಿಸುವ ಒಂದು ನಿದರ್ಶನವೆಂದರೆ ಅಮೆರಿಕದ ‘ರಮೋನ್ಸ್’ ಎಂಬ ಪಂಕ್ ರಾಕ್ ತಂಡ. 1974ರಿಂದ 1996ರವರೆಗೆ ಇಪ್ಪತ್ತೆರಡು ವರ್ಷಗಳ ಕಾಲ ಹಾಡಿದ ಈ ತಂಡ 2263 ಕಾರ್ಯಕ್ರಮಗಳನ್ನು ನೀಡಿತು. 14 ಸ್ಟುಡಿಯೋ ಆಲ್ಬಮ್‌ಗಳನ್ನು ಹೊರತಂದಿತು. ಅಷ್ಟಾಗಿಯೂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದರ ಯಾವ ಆಲ್ಬಮ್ಮೂ 44ನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ. ಇಷ್ಟು ಸಾಧಾರಣ ವ್ಯಾಪಾರ ಕಂಡ ತಂಡವೊಂದು ನಾಲ್ಕು ಖಂಡಗಳ ಸಂಗೀತಗಾರರಿಗೆ ಮಾದರಿಯಾದದ್ದು ಹೇಗೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಪ್ರಭಾವವೆಂಬುದು ಕೊಟ್ಟವರ ಗಾತ್ರದಿಂದಲ್ಲ, ಪಡೆದವರ ಆಯ್ಕೆಯಿಂದ ನಿರ್ಧಾರವಾಗುತ್ತದೆ. ಆ ಆಯ್ಕೆ ಸಾಧ್ಯವಾಗಬೇಕಾದರೆ ರೂಪವು ಪಡೆಯುವವರ ಕೈಗೆ ಎಟುಕುವಂತಿರಬೇಕು ಎಂಬುದನ್ನು ಇಲ್ಲಿ ಪ್ರತಿಪಾದಿಸಲಾಗಿದೆ.

1. ಹಿನ್ನೆಲೆ

1950ರ ದಶಕದಲ್ಲಿ ರೂಪುಗೊಂಡ ರಾಕ್ ಅಂಡ್ ರೋಲ್ ಮೂಲತಃ ಎರಡು ಮೂರು ನಿಮಿಷಗಳ ಕುಣಿತದ ಹಾಡು. 1970ರ ದಶಕದ ಆರಂಭದ ವೇಳೆಗೆ ಅದರ ಒಂದು ಪ್ರಮುಖ ಶಾಖೆ ದೀರ್ಘವಾದ, ವಾದ್ಯಕೌಶಲವನ್ನೇ ಪ್ರಧಾನವಾಗಿಸಿಕೊಂಡ ‘ಪ್ರೋಗ್ರೆಸಿವ್ ರಾಕ್’ ಆಗಿ ಬೆಳೆದಿತ್ತು. ಇಂಗ್ಲೆಂಡಿನ ‘ಯೆಸ್’ ತಂಡ 1973ರಲ್ಲಿ ಹೊರತಂದ ಜೋಡಿ ಧ್ವನಿಮುದ್ರಿಕೆಯಲ್ಲಿ ಸುಮಾರು 80 ನಿಮಿಷಗಳಲ್ಲಿ ಇದ್ದದ್ದು ನಾಲ್ಕೇ ರಚನೆಗಳು. ಇಂತಹ ಸಂಗೀತವನ್ನು ನುಡಿಸಲು ವರ್ಷಗಟ್ಟಲೆ ಅಭ್ಯಾಸ, ದುಬಾರಿ ವಾದ್ಯಗಳು ಮತ್ತು ಸುಸಜ್ಜಿತ ಸ್ಟುಡಿಯೋ ಬೇಕಾಗಿದ್ದವು. ಇದರ ಪರಿಣಾಮವಾಗಿ ಕೇಳುಗ ಮತ್ತು ಕಲಾವಿದರ ನಡುವಿನ ಅಂತರ ಹೆಚ್ಚುತ್ತ ಹೋಯಿತು.

ಈ ಅಂತರವನ್ನು ಮುರಿಯುವ ಪ್ರಯತ್ನಗಳು ರಮೋನ್ಸ್‌ಗಿಂತ ಮೊದಲೇ ನಡೆದಿದ್ದವು ಎಂಬುದನ್ನು ಮರೆಯುವಂತಿಲ್ಲ. ನ್ಯೂಯಾರ್ಕಿನ ವೆಲ್ವೆಟ್ ಅಂಡರ್‌ಗ್ರೌಂಡ್, ಮಿಷಿಗನ್ ರಾಜ್ಯದ ಸ್ಟೂಜಸ್ ಮತ್ತು ಎಂ.ಸಿ.5, ನ್ಯೂಯಾರ್ಕಿನವೇ ಆದ ನ್ಯೂಯಾರ್ಕ್ ಡಾಲ್ಸ್ ತಂಡಗಳು ಒರಟುತನವನ್ನೇ ಗುಣವಾಗಿ ಸ್ವೀಕರಿಸಿದ್ದವು. ‘ಪಂಕ್’ ಎಂಬ ಪದವೂ ಹೊಸದಲ್ಲ. ಪುಂಡ, ಕೆಲಸಕ್ಕೆ ಬಾರದವನು ಎಂಬ ಅರ್ಥದ ಈ ಬೈಗುಳವನ್ನು 1970ರ ದಶಕದ ಆರಂಭದಲ್ಲಿಯೇ ಅಮೆರಿಕದ ರಾಕ್ ವಿಮರ್ಶಕರು 1960ರ ದಶಕದ ಹವ್ಯಾಸಿ ತಂಡಗಳ ಸಂಗೀತಕ್ಕೆ ಪ್ರಶಂಸೆಯ ಧ್ವನಿಯಲ್ಲಿ ಬಳಸಿದ್ದರು. 1976ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ‘ಪಂಕ್’ ಎಂಬ ಹೆಸರಿನ ಪತ್ರಿಕೆಯೇ ಆರಂಭವಾದಾಗ ಆ ಪದ ನಗರದ ಹೊಸ ತಂಡಗಳಿಗೆ ಅಂಟಿಕೊಂಡಿತು. ಆದ್ದರಿಂದ ರಮೋನ್ಸ್ ಪಂಕ್ ರಾಕ್‌ನ ಏಕೈಕ ಮೂಲವಲ್ಲ. ಚದುರಿದ್ದ ಲಕ್ಷಣಗಳನ್ನು ಒಂದು ಸ್ಪಷ್ಟ ರೂಪಕ್ಕೆ ತಂದ ತಂಡವೆಂದು ಅದನ್ನು ಗುರುತಿಸುವುದು ಹೆಚ್ಚು ಸೂಕ್ತ.

2. ತಂಡದ ಹುಟ್ಟು

ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿರುವ ಫಾರೆಸ್ಟ್ ಹಿಲ್ಸ್ ಮಧ್ಯಮ ವರ್ಗದವರ ಬಡಾವಣೆ. ಅಲ್ಲಿನ ನಾಲ್ವರು ಯುವಕರು 1974ರಲ್ಲಿ ಈ ತಂಡವನ್ನು ಕಟ್ಟಿದರು. ಜೆಫ್ರಿ ಹೈಮನ್, ಜಾನ್ ಕಮಿಂಗ್ಸ್, ಡಗ್ಲಸ್ ಕಾಲ್ವಿನ್ ಮತ್ತು ಥಾಮಸ್ ಎರ್ಡೆಲಿ ಎಂಬ ಆ ನಾಲ್ವರು ಕ್ರಮವಾಗಿ ಜೋಯಿ, ಜಾನಿ, ಡೀ ಡೀ ಮತ್ತು ಟಾಮಿ ಎಂದು ಹೆಸರು ಬದಲಿಸಿಕೊಂಡು, ಎಲ್ಲರೂ ‘ರಮೋನ್’ ಎಂಬ ಒಂದೇ ಕುಲನಾಮವನ್ನು ಇಟ್ಟುಕೊಂಡರು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಒಮ್ಮೆ ಬಳಸಿದ್ದ ‘ಪಾಲ್ ರಮೋನ್’ ಎಂಬ ಗುಪ್ತನಾಮ ಇದಕ್ಕೆ ಆಧಾರ. ರಕ್ತಸಂಬಂಧವಿಲ್ಲದ ನಾಲ್ವರು ಒಂದೇ ಮನೆತನದವರಂತೆ ಕಾಣಿಸಿಕೊಂಡದ್ದು, ಚರ್ಮದ ಜಾಕೆಟ್, ಹರಿದ ಜೀನ್ಸ್ ಮತ್ತು ಕ್ಯಾನ್ವಾಸ್ ಬೂಟುಗಳನ್ನು ಸಮವಸ್ತ್ರದಂತೆ ಧರಿಸಿದ್ದು ಯೋಜಿತ ನಡೆಗಳೇ ಆಗಿದ್ದವು.

ಈ ನಾಲ್ವರ ಹಿನ್ನೆಲೆ ಒಂದೇ ಬಗೆಯದಲ್ಲ. ಟಾಮಿ 1949ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಯೆಹೂದಿ ಕುಟುಂಬದಲ್ಲಿ ಹುಟ್ಟಿ ಬಾಲ್ಯದಲ್ಲಿ ಅಮೆರಿಕಕ್ಕೆ ಬಂದವರು. ಜೋಯಿ ಕೂಡ ಯೆಹೂದಿ ಕುಟುಂಬದವರೇ. ಡೀ ಡೀ ಅಮೆರಿಕದ ಸೈನಿಕನೊಬ್ಬನ ಮಗನಾಗಿ ಜರ್ಮನಿಯಲ್ಲಿ ಬೆಳೆದವರು. ಜಾನಿ ಕಟ್ಟಡ ನಿರ್ಮಾಣದ ಕೆಲಸ ಮಾಡಿದ್ದವರು. ಆರಂಭದಲ್ಲಿ ಜೋಯಿ ಡ್ರಮ್ ಬಾರಿಸುತ್ತಿದ್ದರು. ಟಾಮಿ ವ್ಯವಸ್ಥಾಪಕರಷ್ಟೇ ಆಗಿದ್ದರು. ಹಾಡುಗಾರರಾಗಿ ಜೋಯಿ ಮುಂದೆ ಬಂದಾಗ ಡ್ರಮ್‌ಗೆ ತಕ್ಕವರು ಸಿಗದೆ, ಮೊದಲು ಆ ವಾದ್ಯವನ್ನು ನುಡಿಸದಿದ್ದ ಟಾಮಿಯೇ ಆ ಸ್ಥಾನ ವಹಿಸಿಕೊಂಡರು. ಪರಿಣತಿ ಇಲ್ಲದಿರುವುದು ಅಡ್ಡಿಯಾಗಬೇಕಿಲ್ಲ ಎಂಬ ನಂಬಿಕೆ ತಂಡದ ರಚನೆಯಲ್ಲಿಯೇ ಅಡಗಿತ್ತು.

1974ರ ಆಗಸ್ಟ್‌ನಲ್ಲಿ ತಂಡ ಸಿ.ಬಿ.ಜಿ.ಬಿ. ಎಂಬಲ್ಲಿ ಹಾಡಲು ಆರಂಭಿಸಿತು. ಮ್ಯಾನ್‌ಹಟನ್‌ನ ಬೌವರಿ ಎಂಬ ಬಡ ಬೀದಿಯಲ್ಲಿ ಹಿಲಿ ಕ್ರಿಸ್ಟಲ್ 1973ರಲ್ಲಿ ತೆರೆದಿದ್ದ ಸಣ್ಣ ಮದ್ಯದಂಗಡಿ ಇದು. ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್ ಸಂಗೀತಕ್ಕೆಂದು ಆರಂಭವಾದ ಈ ಸ್ಥಳ, ಸ್ವಂತ ರಚನೆಗಳನ್ನು ಹಾಡಬೇಕೆಂಬ ನಿಯಮದಿಂದಾಗಿ ಹೊಸ ತಂಡಗಳ ನೆಲೆಯಾಯಿತು. ಟೆಲಿವಿಷನ್, ಪ್ಯಾಟಿ ಸ್ಮಿತ್, ಬ್ಲಾಂಡಿ, ಟಾಕಿಂಗ್ ಹೆಡ್ಸ್ ಇಲ್ಲಿಯೇ ಬೆಳೆದವು. ನ್ಯೂಯಾರ್ಕ್ ನಗರಾಡಳಿತ 1975ರಲ್ಲಿ ದಿವಾಳಿಯ ಅಂಚಿಗೆ ಬಂದಿದ್ದ ಕಾಲವದು. ಪಾಳುಬಿದ್ದ ಬೀದಿಗಳಲ್ಲಿ ಕಡಿಮೆ ಬಾಡಿಗೆಗೆ ಸಿಗುತ್ತಿದ್ದ ಕೋಣೆಗಳು ಈ ಕಲಾವಿದರಿಗೆ ಅನುಕೂಲವನ್ನೇ ಒದಗಿಸಿದವು.

3. ರೂಪದ ವಿಶ್ಲೇಷಣೆ

ತಂಡದ ಮೊದಲ ಆಲ್ಬಮ್ ‘ರಮೋನ್ಸ್’ 1976ರ ಏಪ್ರಿಲ್‌ನಲ್ಲಿ ಸೈರ್ ರೆಕಾರ್ಡ್ಸ್ ಸಂಸ್ಥೆಯಿಂದ ಬಿಡುಗಡೆಯಾಯಿತು. ಸುಮಾರು ಒಂದು ವಾರದಲ್ಲಿ, ಅಂದಾಜು 6400 ಡಾಲರ್ ವೆಚ್ಚದಲ್ಲಿ ಇದರ ಧ್ವನಿಮುದ್ರಣ ಮುಗಿದಿತ್ತು. 14 ಹಾಡುಗಳು 29 ನಿಮಿಷಗಳಲ್ಲಿ ಮುಗಿಯುತ್ತವೆ. ಈ ಆಲ್ಬಮ್ಮಿನ ರೂಪವನ್ನು ಎರಡು ನೆಲೆಗಳಲ್ಲಿ ಪರಿಶೀಲಿಸಬಹುದು.

ಮೊದಲನೆಯದು ವರ್ಜನೆಯ ನೆಲೆ. ಇಲ್ಲಿ ಗಿಟಾರಿನ ದೀರ್ಘ ಏಕವಾದನವಿಲ್ಲ; ಆಲಾಪದಂತಹ ಪೀಠಿಕೆಯಿಲ್ಲ. ಹೆಚ್ಚಿನ ಹಾಡುಗಳು ಕೆಲವೇ ಸ್ವರಗುಚ್ಛಗಳ ಮೇಲೆ ನಿಂತಿವೆ. ವೇದಿಕೆಯ ಮೇಲೆ ಒಂದು ಹಾಡಿಗೂ ಮತ್ತೊಂದಕ್ಕೂ ನಡುವೆ ಮಾತಿಗೆ ಹೆಚ್ಚಿನ ಬಿಡುವಿಲ್ಲ. ಡೀ ಡೀ ಒಂದರಿಂದ ನಾಲ್ಕರವರೆಗೆ ಎಣಿಸಿ ಕೂಗಿದ ಕೂಡಲೇ ಮುಂದಿನ ಹಾಡು ಆರಂಭವಾಗುತ್ತಿತ್ತು.

ಎರಡನೆಯದು ಸಂಯೋಗದ ನೆಲೆ. ಅತಿ ವೇಗದ, ಒರಟು ಗಿಟಾರ್ ನಾದದ ಮೇಲೆ ಜೋಯಿ ಹಾಡುತ್ತಿದ್ದುದು 1960ರ ದಶಕದ ಬೀಟಲ್ಸ್ ಮತ್ತು ರೊನೆಟ್ಸ್‌ನಂತಹ ಸ್ತ್ರೀ ಗಾಯಕರ ತಂಡಗಳನ್ನು ನೆನಪಿಸುವ ಇಂಪಾದ ಧಾಟಿಗಳನ್ನು. ಹಾಡುಗಳ ವಸ್ತುವಾದರೋ ಅಂಟು ಮೂಸುವ ಹುಡುಗರು, ಭಯಾನಕ ಚಲನಚಿತ್ರಗಳು, ಮನೋರೋಗ, ಬೇಸರ ಮುಂತಾದವು. ಇವುಗಳನ್ನು ಗಂಭೀರ ಮುಖದ ಹಾಸ್ಯದಿಂದ ನಿರೂಪಿಸಲಾಗಿದೆ. ಹೀಗೆ ವೇಗ, ಮಾಧುರ್ಯ ಮತ್ತು ವಿಡಂಬನೆ ಎಂಬ ಮೂರು ಅಂಶಗಳು ಒಂದೆಡೆ ಸೇರಿವೆ. ತಂಡದ ನಂತರದ ಪ್ರಭಾವವನ್ನು ಅರಿಯಲು ಈ ಮೂರನ್ನು ಪ್ರತ್ಯೇಕವಾಗಿ ಗುರುತಿಸಿಕೊಳ್ಳುವುದು ಅವಶ್ಯಕ.

ಈ ರೂಪ ಸರಳವಾದುದೇ ಹೊರತು ಸುಲಭವಾದುದಲ್ಲ. ಗಿಟಾರನ್ನು ಸಾಮಾನ್ಯವಾಗಿ ಕೆಳಕ್ಕೂ ಮೇಲಕ್ಕೂ ಮೀಟುತ್ತಾರೆ. ಜಾನಿ ಬಹುಮಟ್ಟಿಗೆ ಕೆಳಮುಖವಾಗಿಯೇ, ಅದೂ ಪೂರ್ಣ ವೇಗದಲ್ಲಿ, ಕಾರ್ಯಕ್ರಮದುದ್ದಕ್ಕೂ ಮೀಟುತ್ತಿದ್ದರು. ಎಡೆಬಿಡದ ಗೋಡೆಯಂತಹ ನಾದ ಇದರಿಂದ ಹುಟ್ಟುತ್ತದೆ. ಆದರೆ ಇದಕ್ಕೆ ಬೇಕಾದ ದೇಹಶ್ರಮ ಅಪಾರ. ಕೇಳಿದಾಗ ‘ಇದನ್ನು ತಾನೂ ನುಡಿಸಬಲ್ಲೆ’ ಎನಿಸುತ್ತದೆ, ನುಡಿಸಲು ಹೋದಾಗ ಅದರ ಕಷ್ಟ ತಿಳಿಯುತ್ತದೆ. ರಮೋನ್ಸ್‌ನ ಐತಿಹಾಸಿಕ ಮಹತ್ವವಿರುವುದು ಈ ಎರಡರಲ್ಲಿ ಮೊದಲನೆಯ ಅನುಭವದಲ್ಲಿ. ಕೇಳುಗನನ್ನು ವಾದ್ಯ ಹಿಡಿಯುವಂತೆ ಮಾಡುವ ಆ ಕರೆ ಪ್ರೋಗ್ರೆಸಿವ್ ರಾಕ್‌ನಲ್ಲಿ ಇರಲಿಲ್ಲ.

4. ಲಂಡನ್ ಪ್ರವಾಸ ಮತ್ತು ಅದರ ವ್ಯಾಖ್ಯಾನ

ಮೊದಲ ಆಲ್ಬಮ್ ಅಮೆರಿಕದಲ್ಲಿ 111ನೆಯ ಸ್ಥಾನದಲ್ಲಿ ನಿಂತಿತು. ಅದೇ ವರ್ಷ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷಾಚರಣೆಯ ದಿನ, ತಂಡವು ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ಹಾಡಿತು; ಮರುದಿನ ಡಿಂಗ್‌ವಾಲ್ಸ್ ಎಂಬಲ್ಲಿ ಹಾಡಿತು. ಮುಂದೆ ಬ್ರಿಟಿಷ್ ಪಂಕ್‌ನ ಮುಂಚೂಣಿಗೆ ಬಂದ ಹಲವರು ಈ ಸಂದರ್ಭದಲ್ಲಿ ತಂಡವನ್ನು ಕಂಡರು. ಈ ಘಟನೆಯ ಆಧಾರದ ಮೇಲೆ ‘ಬ್ರಿಟಿಷ್ ಪಂಕ್ ರಮೋನ್ಸ್‌ನಿಂದ ಹುಟ್ಟಿತು’ ಎಂಬ ಹೇಳಿಕೆ ಆಗಾಗ ಕೇಳಿಬರುತ್ತದೆ.

ಕಾಲಾನುಕ್ರಮವನ್ನು ಗಮನಿಸಿದರೆ ಈ ಹೇಳಿಕೆ ನಿಲ್ಲುವುದಿಲ್ಲ. ಸೆಕ್ಸ್ ಪಿಸ್ಟಲ್ಸ್ ತಂಡ 1975ರ ನವೆಂಬರ್‌ನಲ್ಲಿಯೇ ಮೊದಲ ಕಾರ್ಯಕ್ರಮ ನೀಡಿತ್ತು. ರಮೋನ್ಸ್ ರೌಂಡ್‌ಹೌಸ್‌ನಲ್ಲಿ ಹಾಡಿದ ದಿನವೇ ಸೆಕ್ಸ್ ಪಿಸ್ಟಲ್ಸ್ ಶೆಫೀಲ್ಡ್‌ನಲ್ಲಿ ಹಾಡುತ್ತಿತ್ತು. ಕ್ಲ್ಯಾಶ್ ತಂಡದ ಮೊದಲ ಕಾರ್ಯಕ್ರಮವೂ ಅದೇ ವೇದಿಕೆಯಲ್ಲಿ ನಡೆಯಿತು. ಬ್ರಿಟನ್ನಿನಲ್ಲಿ ಚಳವಳಿ ಆಗಲೇ ಆರಂಭವಾಗಿತ್ತು. ರಮೋನ್ಸ್ ಅದಕ್ಕೆ ಜನ್ಮ ನೀಡಲಿಲ್ಲ. ವೇಗವನ್ನೂ ಧೈರ್ಯವನ್ನೂ ನೀಡಿತು. ತಾವು ಮಾಡಹೊರಟಿದ್ದ ಕೆಲಸವನ್ನು ಇತರರು ಆಗಲೇ ಧ್ವನಿಮುದ್ರಿಸಿದ್ದಾರೆ ಎಂಬ ಅರಿವೇ ಹೊಸಬರಿಗೆ ಒಂದು ಬಲವಾಯಿತು.

ಇದೇ ಸಂದರ್ಭದಲ್ಲಿ ಮತ್ತೊಂದು ಎಚ್ಚರವೂ ಅಗತ್ಯ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಸೇಂಟ್ಸ್ ತಂಡ 1976ರ ಸೆಪ್ಟೆಂಬರ್‌ನಲ್ಲಿ ಸ್ವಂತ ವೆಚ್ಚದಲ್ಲಿ ಹೊರತಂದ ಧ್ವನಿಮುದ್ರಿಕೆ ರಮೋನ್ಸ್ ಶೈಲಿಗೆ ಅತ್ಯಂತ ಹತ್ತಿರವಾಗಿದೆ. ಆದರೆ ಅದು ಸ್ವತಂತ್ರವಾಗಿ ಬೆಳೆದು ಬಂದ ಶೈಲಿ. ಪೆರು ದೇಶದ ಲಿಮಾ ನಗರದ ಲಾಸ್ ಸೈಕೋಸ್ ತಂಡವಂತೂ 1960ರ ದಶಕದ ಮಧ್ಯಭಾಗದಲ್ಲಿಯೇ ಇಂತಹ ಒರಟು ಗಾಯನವನ್ನು ಮಾಡಿತ್ತು. ಸಾಮ್ಯ ಮಾತ್ರದಿಂದ ಪ್ರಭಾವ ಸಾಬೀತಾಗದು ಎಂಬ ತೌಲನಿಕ ಅಧ್ಯಯನದ ಮೂಲಪಾಠ ಇಲ್ಲಿಯೂ ಅನ್ವಯಿಸುತ್ತದೆ.

5. ಯಶಸ್ಸಿನ ಬೆನ್ನಟ್ಟಿದ ವರ್ಷಗಳು

ರಮೋನ್ಸ್ ಮಾರುಕಟ್ಟೆಯನ್ನು ತಿರಸ್ಕರಿಸಿದ ತಂಡವಲ್ಲ. ರೇಡಿಯೋದಲ್ಲಿ ತಮ್ಮ ಹಾಡು ಬರಬೇಕು, ತಾವು ಬೀಟಲ್ಸ್‌ನಂತೆ ಜನಪ್ರಿಯರಾಗಬೇಕು ಎಂಬ ಹಂಬಲ ಅದರ ಸದಸ್ಯರಿಗೆ ಕೊನೆಯವರೆಗೂ ಇತ್ತು. 1977ರಲ್ಲಿ ಬಂದ ‘ಲೀವ್ ಹೋಮ್’ ಮತ್ತು ‘ರಾಕೆಟ್ ಟು ರಷ್ಯಾ’ ಆಲ್ಬಮ್‌ಗಳು ಈ ಹಂಬಲಕ್ಕೆ ಸಾಕ್ಷಿ. ‘ರಾಕೆಟ್ ಟು ರಷ್ಯಾ’ದ ‘ರಾಕಅವೇ ಬೀಚ್’ ಎಂಬ ಹಾಡು ಅಮೆರಿಕದಲ್ಲಿ 66ನೆಯ ಸ್ಥಾನ ತಲುಪಿತು. ಅವರ ಬಿಡಿ ಹಾಡುಗಳಲ್ಲಿ ಅದೇ ಅತ್ಯುನ್ನತ ಸ್ಥಾನ. 1976ರ ಡಿಸೆಂಬರ್‌ನಲ್ಲಿ ಸೆಕ್ಸ್ ಪಿಸ್ಟಲ್ಸ್ ಬ್ರಿಟಿಷ್ ದೂರದರ್ಶನದಲ್ಲಿ ಅಶ್ಲೀಲ ಪದಗಳನ್ನಾಡಿ ಎಬ್ಬಿಸಿದ ಕೋಲಾಹಲದ ನಂತರ ‘ಪಂಕ್’ ಎಂದರೆ ಹಿಂಸೆ ಎಂಬ ಭಾವನೆ ಹರಡಿತ್ತು. ಅಮೆರಿಕದ ರೇಡಿಯೋ ಕೇಂದ್ರಗಳು ಆ ಹೆಸರಿನಿಂದ ದೂರ ಉಳಿದವು. ಸೈರ್ ಸಂಸ್ಥೆಯೂ ತನ್ನ ತಂಡಗಳನ್ನು ‘ನ್ಯೂ ವೇವ್’ ಎಂಬ ಹೆಸರಿನಲ್ಲಿ ಪ್ರಚಾರ ಮಾಡತೊಡಗಿತು. ಹೆಸರನ್ನು ಗಳಿಸಿಕೊಟ್ಟ ಪದವೇ ಮಾರುಕಟ್ಟೆಯ ಬಾಗಿಲನ್ನು ಮುಚ್ಚಿತು.

1978ರಲ್ಲಿ ಟಾಮಿ ಡ್ರಮ್ ಬಿಟ್ಟು ನಿರ್ಮಾಣದ ಕೆಲಸಕ್ಕೆ ಸೀಮಿತರಾದರು; ಮಾರ್ಕ್ ಬೆಲ್ ಅವರು ಮಾರ್ಕಿ ರಮೋನ್ ಆಗಿ ಬಂದರು. 1979ರಲ್ಲಿ ‘ರಾಕ್ ಎನ್ ರೋಲ್ ಹೈಸ್ಕೂಲ್’ ಚಲನಚಿತ್ರದಲ್ಲಿ ತಂಡ ಕಾಣಿಸಿಕೊಂಡಿತು. 1980ರಲ್ಲಿ ಪ್ರಸಿದ್ಧ ನಿರ್ಮಾಪಕ ಫಿಲ್ ಸ್ಪೆಕ್ಟರ್ ‘ಎಂಡ್ ಆಫ್ ದ ಸೆಂಚುರಿ’ ಆಲ್ಬಮ್ಮನ್ನು ನಿರ್ಮಿಸಿದರು. 44ನೆಯ ಸ್ಥಾನಕ್ಕೇರಿದ ಆಲ್ಬಮ್ ಇದೇ. ಒಂದು ವಾರದಲ್ಲಿ ಮುಗಿಯುತ್ತಿದ್ದ ಕೆಲಸ ಇಲ್ಲಿ ತಿಂಗಳುಗಟ್ಟಲೆ ಎಳೆಯಿತು; ಆದರೂ ನಿರೀಕ್ಷಿತ ಜನಪ್ರಿಯತೆ ದೊರೆಯಲಿಲ್ಲ.

ಆಂತರಿಕ ವಿರಸವೂ ಇದೇ ಕಾಲದಲ್ಲಿ ಬೆಳೆಯಿತು. ಜೋಯಿ ಉದಾರವಾದಿ, ಜಾನಿ ಬಲಪಂಥೀಯ ರಿಪಬ್ಲಿಕನ್. ಜೋಯಿಯ ಗೆಳತಿಯಾಗಿದ್ದವರು ಜಾನಿಯ ಬಾಳಸಂಗಾತಿಯಾದ ಮೇಲೆ ಇಬ್ಬರ ನಡುವೆ ಮಾತು ಬಹುತೇಕ ನಿಂತಿತು. ಹಾಗಿದ್ದೂ ಅವರು ಒಂದೇ ವ್ಯಾನಿನಲ್ಲಿ ಪ್ರಯಾಣಿಸುತ್ತ, ಒಂದೇ ವೇದಿಕೆಯಲ್ಲಿ ಹಾಡುತ್ತ ಇನ್ನೂ ಹದಿನೈದು ವರ್ಷ ಕಳೆದರು. 1989ರಲ್ಲಿ ಡೀ ಡೀ ತಂಡ ತೊರೆದರು. ಆ ಸ್ಥಾನಕ್ಕೆ ಸಿ.ಜೆ. ರಮೋನ್ ಬಂದರು. 1996ರ ಆಗಸ್ಟ್ 6ರಂದು ಹಾಲಿವುಡ್‌ನಲ್ಲಿ ಕೊನೆಯ ಕಾರ್ಯಕ್ರಮ ನಡೆಯಿತು. ಧ್ವನಿಮುದ್ರಿಕೆಗಳಿಂದ ಬಾರದ ಆದಾಯವನ್ನು ಊರಿಂದೂರಿಗೆ ಹೋಗಿ ದುಡಿಯಬೇಕಾಗಿದ್ದುದರಿಂದಲೇ ಕಾರ್ಯಕ್ರಮಗಳ ಸಂಖ್ಯೆ ಅಷ್ಟು ಬೆಳೆಯಿತು. ಆದರೆ ಸಣ್ಣಪುಟ್ಟ ಊರುಗಳ ಹುಡುಗ ಹುಡುಗಿಯರು ಈ ರೂಪವನ್ನು ಕಣ್ಣಾರೆ ಕಂಡು ಕಲಿತದ್ದೂ ಇದೇ ಕಾರಣದಿಂದ.

6. ಪ್ರಭಾವ: ಒಡೆದು ಹಂಚಿಹೋದ ರೂಪ

ರಮೋನ್ಸ್‌ನ ಉತ್ತರಾಧಿಕಾರಿಗಳನ್ನು ಅವಲೋಕಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವೇಗ, ಮಾಧುರ್ಯ, ವಿಡಂಬನೆಗಳ ಸಂಯೋಗವನ್ನು ಇಡಿಯಾಗಿ ಸ್ವೀಕರಿಸಿದವರು ವಿರಳ. ಬಹುತೇಕರು ತಮಗೆ ಬೇಕಾದ ಒಂದಂಶವನ್ನು ಆರಿಸಿಕೊಂಡರು.

ವೇಗವನ್ನು ಆರಿಸಿಕೊಂಡದ್ದು ‘ಹಾರ್ಡ್‌ಕೋರ್’ ಪಂಥ. ವಾಷಿಂಗ್ಟನ್ ನಗರದ ಕರಿಯ ಸಂಗೀತಗಾರರ ತಂಡ ಬ್ಯಾಡ್ ಬ್ರೇನ್ಸ್ ತನ್ನ ಹೆಸರನ್ನು ರಮೋನ್ಸ್‌ನ ಹಾಡೊಂದರಿಂದಲೇ ಪಡೆಯಿತು. ಮೊದಲು ಜಾಝ್ ಮಿಶ್ರಿತ ಸಂಗೀತ ನುಡಿಸುತ್ತಿದ್ದ ಈ ಪರಿಣತರು ರಮೋನ್ಸ್‌ಗಿಂತ ಹೆಚ್ಚಿನ ವೇಗವನ್ನು ಸಾಧಿಸಿ, ಅದಕ್ಕೆ ರೆಗ್ಗೆಯನ್ನೂ ರಾಸ್ತಫಾರಿ ನಂಬಿಕೆಯನ್ನೂ ಜೋಡಿಸಿದರು. ಪಡೆದವರು ಕೊಟ್ಟವರಿಗಿಂತ ಹೆಚ್ಚು ನುರಿತ ವಾದಕರಾಗಿರಬಹುದು ಎಂಬುದಕ್ಕೆ ಇದು ನಿದರ್ಶನ. ಪ್ರಭಾವ ಮೇಲಿನಿಂದ ಕೆಳಕ್ಕೇ ಹರಿಯುತ್ತದೆ ಎಂಬ ಗ್ರಹಿಕೆ ಇಲ್ಲಿ ಕುಸಿಯುತ್ತದೆ.

ಮಾಧುರ್ಯವನ್ನು ಆರಿಸಿಕೊಂಡದ್ದು ‘ಪಾಪ್ ಪಂಕ್’. 1992ರಲ್ಲಿ ಸ್ಕ್ರೀಚಿಂಗ್ ವೀಸಲ್ ತಂಡ ರಮೋನ್ಸ್‌ನ ಮೊದಲ ಆಲ್ಬಮ್ಮನ್ನು ಆದ್ಯಂತವಾಗಿ ಮರುನುಡಿಸಿ ಹೊರತಂದಿತು. ಒಂದು ಕೃತಿಯನ್ನು ಇಡಿಯಾಗಿ ಪ್ರತಿಮಾಡುವ ಈ ಕ್ರಮ ಅನುಕರಣೆಯನ್ನು ಕಲಿಕೆಯ ಮಾರ್ಗವಾಗಿ ಕಾಣುವ ಪ್ರಾಚೀನ ಪದ್ಧತಿಗಳನ್ನು ನೆನಪಿಸುತ್ತದೆ. ಕ್ಯಾಲಿಫೋರ್ನಿಯಾದ ಗ್ರೀನ್ ಡೇ ತಂಡದ 1994ರ ‘ಡೂಕಿ’ ಆಲ್ಬಮ್ ಅಮೆರಿಕವೊಂದರಲ್ಲೇ ಒಂದು ಕೋಟಿಗೂ ಹೆಚ್ಚು ಪ್ರತಿಗಳ ಪ್ರಮಾಣಪತ್ರ ಪಡೆಯಿತು. ರಮೋನ್ಸ್‌ನ ಮೊದಲ ಆಲ್ಬಮ್ ಐದು ಲಕ್ಷ ಪ್ರತಿಗಳನ್ನು ಸೂಚಿಸುವ ‘ಗೋಲ್ಡ್’ ಪ್ರಮಾಣಪತ್ರ ಪಡೆದದ್ದು 2014ರಲ್ಲಿ, ಅಂದರೆ 38 ವರ್ಷಗಳ ನಂತರ.

ಲವಲವಿಕೆಯ ಹಾಸ್ಯವನ್ನು ಆರಿಸಿಕೊಂಡವರಲ್ಲಿ ಜಪಾನಿನ ಒಸಾಕಾದ ಶೋನೆನ್ ನೈಫ್ ಗಮನಾರ್ಹ. 1981ರಲ್ಲಿ ಮೂವರು ಯುವತಿಯರು ಕಟ್ಟಿದ ಈ ತಂಡ ತಿಂಡಿತಿನಿಸು, ಪ್ರಾಣಿಗಳಂತಹ ದಿನನಿತ್ಯದ ವಸ್ತುಗಳ ಬಗ್ಗೆ ಸರಳ ಹಾಡುಗಳನ್ನು ರಚಿಸಿತು. 2011ರಲ್ಲಿ ರಮೋನ್ಸ್‌ಗೆ ಗೌರವವಾಗಿ ಒಂದು ಇಡೀ ಆಲ್ಬಮ್ಮನ್ನೇ ಅರ್ಪಿಸಿತು.

ಅರ್ಜೆಂಟೀನಾದ ನಿದರ್ಶನ ಇವೆಲ್ಲಕ್ಕಿಂತ ಭಿನ್ನ. ಸೈನಿಕ ಸರ್ವಾಧಿಕಾರ 1983ರಲ್ಲಿ ಕೊನೆಗೊಂಡ ಆ ದೇಶಕ್ಕೆ ರಮೋನ್ಸ್ ಮೊದಲು ಹೋದದ್ದು 1987ರಲ್ಲಿ. ತಾಯ್ನಾಡಿನ ಸಣ್ಣ ಸಭಾಂಗಣಗಳಲ್ಲಿ ಹಾಡುತ್ತಿದ್ದ ತಂಡ 1996ರ ಮಾರ್ಚ್‌ನಲ್ಲಿ ಬ್ಯೂನಸ್ ಐರಿಸ್‌ನ ರಿವರ್ ಪ್ಲೇಟ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಹಾಡಿತು. ಅಲ್ಲಿನ ನಗರದಂಚಿನ ಯುವಜನತೆಗೆ ಈ ತಂಡ ಒಂದು ಗುರುತಾಗಿ ಪರಿಣಮಿಸಿತು. ಹಾಡುಗಳ ಇಂಗ್ಲಿಷ್ ಎಲ್ಲರಿಗೂ ತಿಳಿಯಬೇಕೆಂಬ ಅಗತ್ಯವಿರಲಿಲ್ಲ. ಆಟಾಕೆ 77ರಂತಹ ತಂಡಗಳು ಅದೇ ರೂಪದಲ್ಲಿ ಸ್ಪ್ಯಾನಿಷ್ ಹಾಡುಗಳನ್ನು ಕಟ್ಟಿದವು.

7. ಚಿಹ್ನೆ ಮತ್ತು ಅರ್ಥಾಂತರ

ಪಂಕ್ ಕುರಿತ ಶೈಕ್ಷಣಿಕ ಚರ್ಚೆಯಲ್ಲಿ ಡಿಕ್ ಹೆಬ್ಡಿಜ್ ಅವರ 1979ರ ‘ಸಬ್‌ಕಲ್ಚರ್: ದ ಮೀನಿಂಗ್ ಆಫ್ ಸ್ಟೈಲ್’ ಮುಖ್ಯ ಗ್ರಂಥ. ಉಪಸಂಸ್ಕೃತಿಗಳು ಪ್ರತಿರೋಧದ ಚಿಹ್ನೆಗಳನ್ನು ಹುಟ್ಟಿಸುತ್ತವೆ, ಮಾರುಕಟ್ಟೆ ಅವನ್ನು ಸರಕಾಗಿ ಪರಿವರ್ತಿಸಿ ತನ್ನೊಳಗೆ ಸೇರಿಸಿಕೊಳ್ಳುತ್ತದೆ ಎಂಬುದು ಅದರ ವಾದಗಳಲ್ಲಿ ಒಂದು. ಬ್ರಿಟನ್ನನ್ನು ಕೇಂದ್ರವಾಗಿಸಿಕೊಂಡ ಆ ಗ್ರಂಥದ ಈ ವಾದ ರಮೋನ್ಸ್‌ನ ಲಾಂಛನಕ್ಕೆ ಚೆನ್ನಾಗಿ ಹೊಂದುತ್ತದೆ. ಮೆಕ್ಸಿಕೋ ಮೂಲದ ಕಲಾವಿದ ಆರ್ಟುರೋ ವೇಗಾ ಅಮೆರಿಕದ ಅಧ್ಯಕ್ಷರ ಮುದ್ರೆಯನ್ನೇ ಮಾರ್ಪಡಿಸಿ ಇದನ್ನು ರಚಿಸಿದರು. ಹದ್ದಿನ ಕಾಲಿನಲ್ಲಿದ್ದ ಬಾಣಗಳ ಸ್ಥಾನಕ್ಕೆ ಬೇಸ್‌ಬಾಲ್ ದಾಂಡು, ಆಲಿವ್ ಕೊಂಬೆಯ ಸ್ಥಾನಕ್ಕೆ ಸೇಬಿನ ಕೊಂಬೆ ಬಂದವು. ಪ್ರಭುತ್ವದ ಚಿಹ್ನೆಯ ಈ ವಿಡಂಬನೆ ಟೀ ಶರ್ಟುಗಳ ಮೇಲೆ ಜಗತ್ತಿನಾದ್ಯಂತ ಹರಡಿತು. ಒಂದು ಹಾಡನ್ನೂ ಕೇಳದವರು ಇಂದು ಅದನ್ನು ಧರಿಸುತ್ತಾರೆ.

ತಂಡದ ಚಿಹ್ನೆಗಳೆಲ್ಲ ನಿರಪಾಯಕಾರಿಯಾಗಿರಲಿಲ್ಲ. ಆರಂಭದ ಕೆಲವು ಹಾಡುಗಳು ನಾಜಿ ಪ್ರತಿಮೆಗಳನ್ನು ಆಘಾತದ ಹಾಸ್ಯಕ್ಕಾಗಿ ಬಳಸಿದ್ದವು. ಇಬ್ಬರು ಯೆಹೂದಿಗಳಿದ್ದ ತಂಡದಲ್ಲಿ ಇದು ವಿಡಂಬನೆಯೇ ಇರಬಹುದಾದರೂ ಕೇಳುಗರು ಹಾಗೆಯೇ ಗ್ರಹಿಸಬೇಕೆಂಬ ಖಾತರಿಯಿರಲಿಲ್ಲ. 1985ರ ಮೇ ತಿಂಗಳಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್, ನಾಜಿ ಎಸ್.ಎಸ್. ಪಡೆಯ ಸೈನಿಕರ ಸಮಾಧಿಗಳೂ ಇದ್ದ ಜರ್ಮನಿಯ ಬಿಟ್‌ಬರ್ಗ್ ಸ್ಮಶಾನಕ್ಕೆ ಭೇಟಿಯಿತ್ತಾಗ ತಂಡ ಅದನ್ನು ಖಂಡಿಸುವ ಹಾಡನ್ನು ಹೊರತಂದಿತು. ರೇಗನ್ ಅಭಿಮಾನಿಯಾಗಿದ್ದ ಜಾನಿಯ ಆಕ್ಷೇಪದಿಂದಾಗಿ ಮರುವರ್ಷದ ಆಲ್ಬಮ್ಮಿನಲ್ಲಿ ಹಾಡಿನ ಶೀರ್ಷಿಕೆ ಬದಲಾಯಿತು. ಪಂಕ್ ಎಂದರೆ ಎಡಪಂಥೀಯ ಪ್ರತಿರೋಧ ಎಂಬ ಏಕರೂಪಿ ವ್ಯಾಖ್ಯಾನ ಅಪೂರ್ಣವೆಂಬುದನ್ನು ಈ ಪ್ರಸಂಗ ತೋರಿಸುತ್ತದೆ.

8. ಸಮಾರೋಪ

ಮನ್ನಣೆ ತಡವಾಗಿ ಬಂದಿತು. ಜೋಯಿ 2001ರ ಏಪ್ರಿಲ್‌ನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. 2002ರ ಮಾರ್ಚ್‌ನಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ದೊರೆಯಿತು. ಆ ಸಮಾರಂಭದಲ್ಲಿ ಅವರ ಹಾಡುಗಳನ್ನು ನುಡಿಸಿದವರು ಗ್ರೀನ್ ಡೇ. ಅದೇ ವರ್ಷ ಜೂನ್‌ನಲ್ಲಿ ಡೀ ಡೀ, 2004ರ ಸೆಪ್ಟೆಂಬರ್‌ನಲ್ಲಿ ಜಾನಿ ತೀರಿಕೊಂಡರು. ಸಿ.ಬಿ.ಜಿ.ಬಿ. 2006ರಲ್ಲಿ ಮುಚ್ಚಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ 2012ರ ಸಂರಕ್ಷಣಾ ಪಟ್ಟಿಗೆ ಮೊದಲ ಆಲ್ಬಮ್ಮನ್ನು ಸೇರಿಸಿತು. ಆ ಆಲ್ಬಮ್ ‘ಗೋಲ್ಡ್’ ಪ್ರಮಾಣ ಪಡೆದ 2014ರಲ್ಲಿಯೇ, ಮೂಲ ನಾಲ್ವರಲ್ಲಿ ಉಳಿದಿದ್ದ ಟಾಮಿಯೂ ನಿಧನರಾದರು.

ಈ ಚರಿತ್ರೆಯಿಂದ ಮೂರು ಅಂಶಗಳನ್ನು ಗುರುತಿಸಬಹುದು. ಪ್ರಸಾರ ಮತ್ತು ಪ್ರಭಾವ ಒಂದೇ ಅಲ್ಲ; ಕೊಂಡವರ ಸಂಖ್ಯೆಗಿಂತ, ಕೇಳಿ ತಾವೂ ವಾದ್ಯ ಹಿಡಿದವರ ಸಂಖ್ಯೆ ಇಲ್ಲಿ ಮುಖ್ಯ. ಎರಡನೆಯದಾಗಿ, ಪ್ರಭಾವವೆಂದರೆ ಆಯ್ಕೆ. ವಾಷಿಂಗ್ಟನ್, ಕ್ಯಾಲಿಫೋರ್ನಿಯಾ, ಒಸಾಕಾ, ಬ್ಯೂನಸ್ ಐರಿಸ್‌ಗಳ ತಂಡಗಳು ತಂತಮ್ಮ ಅಗತ್ಯಕ್ಕೆ ತಕ್ಕಂತೆ ಒಂದೇ ರೂಪದಿಂದ ಬೇರೆ ಬೇರೆ ಅಂಶಗಳನ್ನು ಪಡೆದವು. ಮೂರನೆಯದು ಹೆಚ್ಚು ಕಟುವಾದುದು. ಎಲ್ಲರಿಗೂ ಎಟುಕುವ ರೂಪವನ್ನು ನಿರ್ಮಿಸಿದವರು ಅದರ ಮೇಲೆ ಒಡೆತನ ಉಳಿಸಿಕೊಳ್ಳಲಾರರು. ಸುಲಭವಾಗಿ ಅನುಕರಿಸಬಹುದಾದ್ದರಿಂದಲೇ ಅದು ಹರಡಿತು. ಹರಡಿದ್ದರ ಫಲವನ್ನು ಇತರರು ಉಂಡರು. ಸಾಹಿತ್ಯ ಚರಿತ್ರೆಯಲ್ಲಿಯೂ ಪ್ರಭಾವವನ್ನು ಕುರಿತು ಬರೆಯುವಾಗ ‘ಯಾರು ಕೊಟ್ಟರು’ ಎಂಬ ಪ್ರಶ್ನೆಯ ಜೊತೆಗೆ ‘ಯಾರು, ಏನನ್ನು, ಏಕೆ ಆರಿಸಿಕೊಂಡರು, ಅದರ ಬೆಲೆಯನ್ನು ಯಾರು ತೆತ್ತರು’ ಎಂಬ ಪ್ರಶ್ನೆಗಳನ್ನೂ ಕೇಳಬೇಕಾದ ಅಗತ್ಯವನ್ನು ಕ್ವೀನ್ಸ್‌ನ ಈ ನಾಲ್ವರ ವೃತ್ತಿಜೀವನ ಮನಗಾಣಿಸುತ್ತದೆ.